ಕುಂಬಾರಗೇರಿಯ ಮೇಲಿನ ಬಂಡೆ

"ಹೋದ ಮಳೆಗೆ ಬೆಟ್ಟದಿಂದ ಜಾರಿ ಬಂದ ಬಂಡೆ ಕುಂಬಾರಗೇರಿಯ ಮೇಲೆ ಇಳಿಜಾರಿನಲ್ಲಿ ನಿಂತಿದೆ. ಅದರ ಬಗ್ಗೆ ರಾಜಕುಮಾರಿ ಹೊನ್ನಾಂಬೆ ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ ಅಮಾವಾಸ್ಯೆಯೊಳಗೆ ಕೇರಿ ಖಾಲಿಯಾಗಬೇಕು."

ದುರ್ಗದಲ್ಲೆಲ್ಲ ಹೀಗೆ ಡಂಗುರ ಸಾರಿದಾಗ ಕುಂಬಾರ ಓಬಯ್ಯ ಕೇರಿಯಲ್ಲೇ ಇದ್ದ. ಹಲಗೆಯ ಮೇಲೆ ಮಡಕೆ ಹೇರಿ ಇಳಿಜಾರಿನಲ್ಲಿ ಹುಷಾರಾಗಿ ಜಾರಿಸಿಕೊಂಡು ಬರುವುದು ಅವನ ಕೆಲಸ. ಮಡಕೆ ಸುಡುವ ಆವಿಗೆ ಬಿಟ್ಟು ಎಲ್ಲಿಗೆ ಹೋಗುವುದೆಂದು ಅವನ ತಾಯಿಗೆ ತೋಚಲಿಲ್ಲ. ಅವನು ಬಂಡೆಯ ಬಳಿಗೆ ನಡೆದ.

ಅಲ್ಲಿ ಹೊನ್ನಾಂಬೆಯ ಮುಂದೆ ದಳವಾಯಿಯ ಮಗ ವೀರರಾಜ ಆಗಲೇ ನಿಂತಿದ್ದ.

"ಬಂಡೆಯನ್ನು ಹಗಲಿರುಳು ಎಳೆಯುತ್ತಾನೆ, ಕೈಯಿಲ್ಲ. ಯಾರವನು, ಎತ್ತ ಎಳೆಯುತ್ತಾನೆ?" ಎಂದಳು ಹೊನ್ನಾಂಬೆ.

"ಇಳಿಜಾರು. ಕೇರಿಯ ಕಡೆಗೆ" ಎಂದ ವೀರರಾಜ.

ಉತ್ತರ ತಪ್ಪೆಂದು ಭಟರು ಅವನ ಕೈ ಕಟ್ಟಿದರು. ಮುಂದೆ ಬಂದ ಜಟ್ಟಿ ಕೆಂಪಣ್ಣ, "ಬಂಡೆಯ ಭಾರವೇ, ನೆಟ್ಟಗೆ ಕೆಳಕ್ಕೆ" ಎಂದು ಮೊದಲನೆಯದನ್ನು ಬಿಡಿಸಿದ.

"ಬಂಡೆಯನ್ನು ಹೊತ್ತಿದ್ದಾನೆ, ಆದರೆ ನೆಟ್ಟಗೆ ನಿಂತಿಲ್ಲ. ಯಾರು?"

"ನೆಲ. ಆದರೆ ಅದು ನೆಟ್ಟಗೇ ಮೇಲಕ್ಕೆ ಒತ್ತುತ್ತದಲ್ಲ" ಎಂದ ಜಟ್ಟಿ. ಅವನ ಕೈಯನ್ನೂ ಕಟ್ಟಿದರು.

ಓಬಯ್ಯ ಮುಂದೆ ಬಂದ.

"ಮೊದಲನೆಯದಕ್ಕೆ ಜಟ್ಟಿಯವರು ಹೇಳಿದ್ದೇ ಸರಿ, ಅಮ್ಮಣ್ಣಿ. ಎರಡನೆಯವನು ನೆಲವೇ. ಆದರೆ ನೆಲ ಓರೆಯಾಗಿದೆ, ಅದರ ಒತ್ತೂ ಓರೆ. ಗೋಡೆಗೆ ಹೊಡೆದ ಮೊಳೆಯ ಹಾಗೆ, ಇಳಿಜಾರಿನ ಮೈಗೆ ನೇರವಾಗಿ ಇರುತ್ತದೆ."

"ಸಮನೆಲದಲ್ಲಿ ಮಲಗಿರುತ್ತಾನೆ, ಇಳಿಜಾರಿನಲ್ಲಿ ಏಳುತ್ತಾನೆ. ಜಾರುವವರನ್ನು ಹಿಂದಕ್ಕೆ ಹಿಡಿಯುತ್ತಾನೆ. ಯಾರು?" ಎಂದಳು ಹೊನ್ನಾಂಬೆ.

"ನೆಲದ ತರಿ. ಬಂಡೆಗೂ ನೆಲಕ್ಕೂ ನಡುವೆ ಇರುವ ಹಿಡಿತ. ನಮ್ಮ ಹಲಗೆ ನಿಲ್ಲುವುದು ಅದರಿಂದಲೇ."

"ಮೂವರೂ ಮೂರು ಕಡೆ ಸೆಳೆದರೆ ಬಂಡೆ ಯಾಕೆ ಅಲುಗುವುದಿಲ್ಲ? ತೋರಿಸು."

ಓಬಯ್ಯ ಕಡ್ಡಿಯಿಂದ ಮಣ್ಣಿನಲ್ಲಿ ಭಾರದ ಗೆರೆಯನ್ನು ನೆಟ್ಟಗೆ ಕೆಳಕ್ಕೆ ಎಳೆದ. ಅದರ ತುದಿಯಿಂದ ನೆಲದ ಒತ್ತನ್ನು ಓರೆಯಾಗಿ ಮೇಲಕ್ಕೆ ಎಳೆದ. ಅದರ ತುದಿಯಿಂದ ಹಿಡಿತವನ್ನು ಇಳಿಜಾರಿನ ಗುಂಟ ಮೇಲಕ್ಕೆ ಎಳೆದ. ಮೂರನೆಯ ಗೆರೆ ಮೊದಲನೆಯದು ಹೊರಟ ಜಾಗಕ್ಕೇ ಬಂದು ಸೇರಿತು.

"ಏನೂ ಮಿಕ್ಕಿಲ್ಲ. ಮಿಕ್ಕಿದ್ದರೆ ಬಂಡೆ ಆ ಕಡೆ ಹೋಗುತ್ತಿತ್ತು."

"ಮಳೆ ಬಂದರೆ?"

"ಹಿಡಿತದ ಗೆರೆ ಗಿಡ್ಡವಾಗಬಹುದು. ಆಗ ಮುಕ್ಕೋನ ಮುಚ್ಚುವುದಿಲ್ಲ, ಬಂಡೆ ಜಾರುತ್ತದೆ. ಈಗಲೇ ಕೆಳಗೆ ಅಡ್ಡಗೋಡೆ ಕಟ್ಟಿಸಬೇಕು."

ಹೊನ್ನಾಂಬೆ ಬಗ್ಗಿ ಮೂರು ಗೆರೆಗಳ ಮೇಲೂ ಬೆರಳಾಡಿಸಿದಳು. "ಇದು ಕೇರಿಯವರ ಜೀವದ ಮಾತು. ಬಾಯಿಗೆ ಬಂದದ್ದು ಹೇಳುವವರು ಬರಬಾರದೆಂದೇ ತಲೆದಂಡ ಇಟ್ಟಿದ್ದೆ. ಬೇಡಿಕೋ."

"ಗೋಡೆಗೆ ಕಲ್ಲು ಹೊರಲು ಆಳು ಬೇಕು. ಇವರಿಬ್ಬರನ್ನು ಕೊಡಿ."

ಕಟ್ಟು ಬಿಚ್ಚಿದರು. ಜಟ್ಟಿ ಮಣಿಕಟ್ಟು ತಿಕ್ಕಿಕೊಳ್ಳುತ್ತ, ಮೊದಲ ಕಲ್ಲು ಎಲ್ಲಿಡಬೇಕೆಂದು ಕೇಳಿದ. ಕೇರಿಯನ್ನು ಹೊನ್ನಾಂಬೆ ಕುಂಬಾರರಿಗೇ ಉಂಬಳಿಯಾಗಿ ಬರೆದುಕೊಟ್ಟಳು. ಮಳೆಗಾಲಕ್ಕೆ ಮೊದಲೇ ಗೋಡೆ ಎದ್ದಿತು.