ಸರಾಸರಿ ಕೆಡಿಸುವವರು

"ನಾಳೆ ಪರೀಕ್ಷೆ ನೋಡೋಕೆ ಮೇಲಧಿಕಾರಿ ಬರ್ತಾರೆ. ಸರಾಸರಿ ಕೆಡಿಸೋ ದಡ್ಡರನ್ನೆಲ್ಲ ಮನೇಲೇ ಇರಿಸಿ!" ಎಂದು ಶಾಲಾ ಇನ್‌ಸ್ಪೆಕ್ಟರು ಅಬ್ಬರಿಸಿದರು. ಮೇಷ್ಟ್ರು ತಲೆಯಾಡಿಸಿದರು.

ಮರುದಿನ ಒಂಬತ್ತೇ ಮಕ್ಕಳು ಪರೀಕ್ಷೆ ಬರೆದವು. ಬಿಸಿಯೂಟದ ಹೂವಕ್ಕ ಮಾತ್ರ ಎಂದಿನಂತೆ ನಲವತ್ತು ಮಕ್ಕಳಿಗೆ ಅಕ್ಕಿ ತೊಳೆದಳು.

ಸರಾಸರಿ ತೊಂಬತ್ತೈದು ಬಂತು. "ಭಲೇ ಪ್ರಗತಿ!" ಎಂದು ಮೇಲಧಿಕಾರಿ ಬೆನ್ನು ತಟ್ಟಿದರು. ಇನ್‌ಸ್ಪೆಕ್ಟರು ಉಬ್ಬಿಹೋದರು.

ಅಷ್ಟರಲ್ಲಿ ಹೂವಕ್ಕ ಊಟದ ಗಂಟೆ ಬಾರಿಸಿದಳು. ಬೀದಿಯಿಂದ ಮೂವತ್ತೊಂದು ಮಕ್ಕಳು ತಟ್ಟೆ ಹಿಡಿದು ಓಡಿಬಂದವು.

"ಇವರ್ಯಾರು?" ಎಂದರು ಮೇಲಧಿಕಾರಿ.

"ನಮ್ಮ ಶಾಲೆ ಮಕ್ಕಳೇ ಸಾರ್. ಸಾಹೇಬರು ಇವರು ಪರೀಕ್ಷೆಗೆ ಬೇಡ ಅಂದ್ರು. ಊಟಕ್ಕೆ ಬೇಡ ಅನ್ನಲಿಲ್ಲ" ಎಂದಳು ಹೂವಕ್ಕ.

ಮೇಲಧಿಕಾರಿ ವರದಿಯನ್ನು ಅಲ್ಲೇ ಹರಿದರು. ಬೆವರುತ್ತ ನಿಂತ ಇನ್‌ಸ್ಪೆಕ್ಟರ ಮುಂದೆ ಹೂವಕ್ಕ ಒಂದು ತಟ್ಟೆ ಇಟ್ಟಳು.

"ಕೂತ್ಕೊಳ್ಳಿ ಸಾರ್. ಇಲ್ಲಿ ಫೇಲಾದವರಿಗೂ ಊಟ ಇದೆ."