ಡಿಪ್ರ್ಯಾವಿಟಿ ಎಂಬ ಬಿರುದು

"ಕಂಬದಹಾಳಿನ ಪ್ರಜೆಗಳೇ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡವರು ತೆಗೆದು ಕೇಳಿ. ಇಮ್ಮಡಿ ಭದ್ರಭೂಪಾಲ ಮಹಾಪ್ರಭುಗಳ ಹೊಸ ಬಿರುದಿನ ಬಗ್ಗೆ ಮೂರು ಒಗಟುಗಳಿವೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ."

ಡಂಗುರದವನು ಎಷ್ಟು ಜೋರಾಗಿ ಸಾರಿದನೆಂದರೆ, ಹುಟ್ಟುವುದಕ್ಕೆ ಇನ್ನೂ ನೂರು ವರ್ಷ ಬಾಕಿಯಿದ್ದ ನನಗೂ ಎಚ್ಚರವಾಯಿತು. ಹಾಗಾಗಿ ಮುಂದಿನದೆಲ್ಲ ಕಣ್ಣಾರೆ ಕಂಡದ್ದು. ಕತೆ ಕೇಳಲು ಕೂತ ಸೋದರಳಿಯಂದಿರಲ್ಲಿ ನಂಬದವರು ಈಗಲೇ ಎದ್ದು ಹೋಗಬಹುದು.

ಭದ್ರಭೂಪಾಲನಿಗೆ ಬಿರುದುಗಳ ಹುಚ್ಚು. ಅರಮನೆಗೆ ಬಂದ ಪ್ರತಿಯೊಬ್ಬ ಅತಿಥಿಯೂ ಹೊರಡುವಾಗ ಒಂದು ಬಿರುದು ಕೊಟ್ಟೇ ಹೋಗಬೇಕೆಂಬುದು ಅಲ್ಲಿನ ಪದ್ಧತಿ. ಆ ವರ್ಷ ಬಂದಿದ್ದ ಬಿಳಿ ದೊರೆಯೊಬ್ಬ ಸಂಸ್ಥಾನವನ್ನೆಲ್ಲ ಸುತ್ತಿ ನೋಡಿ, ಹೊರಡುವಾಗ ರಾಜನ ಮುಖ ನೋಡುತ್ತ ಒಂದೇ ಪದ ಹೇಳಿದ: "ಡಿಪ್ರ್ಯಾವಿಟಿ."

ರಾಜ ಕುಣಿದಾಡಿಬಿಟ್ಟ. ಉಳಿದ ಬಿರುದುಗಳನ್ನೆಲ್ಲ ಹಿಂದಕ್ಕೆ ತಳ್ಳಿ ಇದನ್ನು ಮುಂದಿಟ್ಟ. ಪರಾಕು ಕೂಗುವ ಹಾಲಪ್ಪ ತುಂಬಿದ ದರ್ಬಾರಿನಲ್ಲಿ "ಡಿಪ್ರ್ಯಾವಿಟಿ ಮಹಾರಾಜರು ಚಿತ್ತೈಸುತ್ತಿದ್ದಾರೆ, ಪರಾಕು" ಎಂದು ಕೂಗಿದಾಗ, ಇಂಗ್ಲಿಷ್ ಬಲ್ಲ ನೆರೆರಾಜ್ಯದ ರಾಯಭಾರಿ ತಿರುಮಲಯ್ಯ ಶಾಲಿನೊಳಗೆ ಮುಖ ಮುಚ್ಚಿಕೊಂಡು ನಕ್ಕ. ಕೇಳಿದರೆ ಬಾಯಿ ಬಿಡಲಿಲ್ಲ. ಕೂಗಿದ್ದರಲ್ಲೇ ಏನೋ ತಪ್ಪಿರಬೇಕೆಂದು ರಾಜ ಹಾಲಪ್ಪನನ್ನು ಸೆರೆಗೆ ಹಾಕಿ, ತಲೆ ತೆಗೆಯುವುದಕ್ಕೆ ದಿನ ಗೊತ್ತುಮಾಡಿದ. ಆದರೂ ಆ ನಗುವಿನ ಗುಟ್ಟು ತಿಳಿಯದೆ, ಆಮೇಲೆ ಈ ಡಂಗುರ.

ದರ್ಬಾರಿನಲ್ಲಿ ಮೊದಲು ಎದ್ದವರು ಆಸ್ಥಾನದ ಪಂಡಿತರಾದ ಶೇಷಭಟ್ಟರು. ರಾಜ ಕೇಳಿದ: "ನನ್ನ ಬಿರುದು ಯಾವುದರ ಹೆಸರು?"

"ಸೂರ್ಯತೇಜಸ್ಸಿನ ಹೆಸರು, ಮಹಾಪ್ರಭು. ಮೂಲ ಸಂಸ್ಕೃತವೇ. ಬಿಳಿಯರು ನಮ್ಮಿಂದ ಕದ್ದದ್ದು."

ಶಾಲಿನೊಳಗಿಂದ ಗೊಳ್ ಎಂದು ನಗು ಬಂತು. ತಲೆ ತೆಗೆಯುವ ದಿನದವರೆಗೆ ಇರಲೆಂದು ಭಟ್ಟರನ್ನು ಸೆರೆಗೆ ಎಳೆದುಕೊಂಡು ಹೋದರು.

ಬಂದರಿನ ವ್ಯಾಪಾರಿ ಪದುಮಶೆಟ್ಟಿ ಮುಂದೆ ಬಂದ. "ಅದು ಸಮುದ್ರದಾಚೆಯ ಒಂದು ಜಾತಿ ಸಿಂಹ. ನಾನು ಅದರ ಬಾಲ ಹಿಡಿದು ನೋಡಿದ್ದೇನೆ."

ಈ ಸಲ ರಾಯಭಾರಿ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡ. ಶೆಟ್ಟಿಯೂ ಸೆರೆಗೆ ಹೋದ.

ಆಗ ಬಾಗಿಲ ಬಳಿಯಿಂದ ದುಗ್ಗ ಬಂದ. ಹಾಲಪ್ಪನ ತಮ್ಮ, ಪಲ್ಲಕ್ಕಿ ಹೊರುವವನು. ಆ ಮನೆಯಲ್ಲಿ ಅಣ್ಣನಿಗೆ ಗಂಟಲು ಬಂದಿತ್ತು, ತಮ್ಮನಿಗೆ ಹೆಗಲು.

"ನಿನಗೆ ಇಂಗ್ಲಿಷ್ ಬರುತ್ತೇನೋ?" ಎಂದ ರಾಜ.

"ಇಲ್ಲ ಬುದ್ಧಿ. ಆದರೆ ಬಿಳಿ ದೊರೆಯನ್ನು ಹೊತ್ತು ತಿರುಗಿದವನು ನಾನೇ. ಒಳಗೆ ಕೂತವರು ಗೊಣಗಿದ್ದು ಹೊತ್ತವರಿಗೆ ಕೇಳುತ್ತೆ. ಗಂಜಿಮನೆಯಲ್ಲಿ ಅನಾಥರ ಗಂಜಿಯನ್ನು ನಿಮ್ಮ ಬೇಟೆನಾಯಿಗಳಿಗೆ ಸುರಿದಾಗ ಅವರು ಆ ಪದ ಅಂದರು. ಕುರುಡು ಮುದುಕರನ್ನು ಕುಸ್ತಿಗೆ ಬಿಟ್ಟು ನೀವು ನೋಡ್ತಾ ಇದ್ದಾಗ ಮತ್ತೆ ಅಂದರು. ನಾನು ಎಡವಿ ಅವರನ್ನು ಕೆಸರಿಗೆ ಬೀಳಿಸಿದಾಗ ಅಂದದ್ದು ಬೇರೆ ಪದ. ಅದರ ಅರ್ಥ ಕೇಳಬೇಡಿ."

"ಸುತ್ತಿ ಬಳಸಬೇಡ. ಯಾವುದರ ಹೆಸರು?"

"ನೀತಿಗೆಟ್ಟತನದ ಹೆಸರು, ಬುದ್ಧಿ."

ಎಲ್ಲರೂ ಶಾಲಿನ ಕಡೆ ನೋಡಿದರು. ತಿರುಮಲಯ್ಯ ನಗಲಿಲ್ಲ. ಶಾಲು ಮಡಚಿ ಪಕ್ಕಕ್ಕಿಟ್ಟು ನೆಟ್ಟಗೆ ಕೂತ.

ರಾಜನ ದನಿ ತಗ್ಗಿತು. "ಎರಡನೆಯದು. ಅದು ಹುಟ್ಟುವುದು ಎಲ್ಲಿ?"

"ನಗುವಿನಲ್ಲಿ. ತಪ್ಪು ಮಾಡಿ ನಾಚಿಕೊಂಡರೆ ಅದು ತಪ್ಪು, ತಿದ್ದಿಕೊಳ್ಳಬಹುದು. ಮುದುಕರು ಬಿದ್ದಾಗ ನೀವು ನಕ್ಕಿರಿ. ನೀವು ನಕ್ಕಿರೆಂದು ಇವರೆಲ್ಲ ನಕ್ಕರು. ಅಲ್ಲಿ ಹುಟ್ಟಿತು."

ಆಸ್ಥಾನದವರು ತಮ್ಮ ತಮ್ಮ ಪಾದಗಳನ್ನು ಹೊಸದಾಗಿ ಕಂಡವರ ಹಾಗೆ ನೋಡತೊಡಗಿದರು.

"ಮೂರನೆಯದು," ಎಂದು ರಾಜ ಕತ್ತಿಯ ಹಿಡಿಗೆ ಕೈ ಹಾಕಿದ. "ಆ ಪದವನ್ನು ಯಾರ ಮೇಲೆ ಬಳಸಬೇಕು? ಯೋಚಿಸಿ ಹೇಳು. ಕುತ್ತಿಗೆ ನಿನ್ನದು."

ದುಗ್ಗ ಹೆಗಲ ಮೇಲಿನ ಸಿಂಬಿ ತೆಗೆದು ಕೆಳಗಿಟ್ಟ. ನಮ್ಮಂಥ ಧೀರರಾಗಿದ್ದರೆ ಅಷ್ಟು ಹೊತ್ತಿಗೆ ಕಿಟಕಿ ಹಾರಿ ಊರು ದಾಟಿರುತ್ತಿದ್ದೆವು.

"ಸರಿ ಉತ್ತರ ಹೇಳಿದವನ ತಲೆ ತೆಗೆಯುವವರ ಮೇಲೆ ಬಳಸಬೇಕು. ಈಗ ನೀವು ನನ್ನ ತಲೆ ತೆಗೆದರೆ ಉತ್ತರ ಸರಿ ಅಂತ ಊರಿಗೆಲ್ಲ ನೀವೇ ಸಾರಿದ ಹಾಗೆ. ತೆಗೆಯದಿದ್ದರೆ ಸರಿ ಅಂತ ಒಪ್ಪಿದ ಹಾಗೆ. ಯಾವುದು ಅನುಕೂಲವೋ ನೋಡಿ. ನನಗೇನೂ ಅವಸರವಿಲ್ಲ."

ಕತ್ತಿಯ ಹಿಡಿಯ ಮೇಲಿನ ರಾಜನ ಕೈ ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲಾಯಿತು. ಕಡೆಗೆ ಕೈ ತೆಗೆದು ಕೇಳಿದ: "ಏನು ಬೇಕು?"

"ಸೆರೆಯಲ್ಲಿರುವ ಮೂವರೂ ಹೊರಗೆ ಬರಬೇಕು. ಭಟ್ಟರೂ ಶೆಟ್ಟರೂ ಹೆದರಿ ಹೇಳಿದವರು, ಪಾಪ."

"ಆಗಲಿ. ಆ ಬಿರುದನ್ನೂ ತೆಗೆಸಿಬಿಡುತ್ತೇನೆ."

"ತೆಗೆಯಬೇಡಿ ಬುದ್ಧಿ, ಅದು ಇರಲಿ ಅಂತಲೇ ನಾನು ಕೇಳುವುದು. ನೀವು ಅಂಥ ಕೆಲಸ ಮಾಡಿದ ಮಾರನೆಯ ದಿನ ದರ್ಬಾರಿನ ಬಾಗಿಲಲ್ಲಿ ನಮ್ಮಣ್ಣ ಅದನ್ನು ಕೂಗಲಿ. ಇಂಗ್ಲಿಷಿನಲ್ಲಿ ಬೇಡ. ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ."

ಕೊಟ್ಟ ಮಾತು, ರಾಜ ತಲೆಯಾಡಿಸಲೇಬೇಕಾಯಿತು.

ಮರುದಿನ ಬೆಳಿಗ್ಗೆ ಭದ್ರಭೂಪಾಲ ದರ್ಬಾರಿಗೆ ಬಂದು ಹೊಸ್ತಿಲ ಮೇಲೆ ಕಾಲಿಟ್ಟ. ಹಿಂದಿನ ದಿನವೂ ಅನಾಥರ ಗಂಜಿ ಬೇಟೆನಾಯಿಗಳ ಪಾಲಾಗಿತ್ತು. ಹಾಲಪ್ಪ ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು ನಿಂತಿದ್ದ.

"ಇವತ್ತು ಕೂಗದಿದ್ದರೆ ಆಗೋಲ್ಲವೇನೋ?" ಎಂದ ರಾಜ, ಮೆಲ್ಲಗೆ.

"ಅದು ನನ್ನ ಕೈಲಿಲ್ಲ ಬುದ್ಧಿ, ನಿಮ್ಮ ಕೈಲಿದೆ."

ರಾಜ ಹೊಸ್ತಿಲಿನಿಂದ ಕಾಲು ಹಿಂದಕ್ಕೆ ತೆಗೆದು, ಗಂಜಿಮನೆಯ ಕಡೆ ನಡೆದ.