ಬಾದಾಮಿ ವ್ಯಾಪಾರಿಯೂ ಕೋಟೆಯ ಕಾವಲುಗಾರನೂ

"ಉಸ್ತಾದ್ರೇ, ಎಲ್ರಿಗೂ ಕಸುವು ಕೊಡೋ ಬಾದಾಮಿ ಹಾಲು ನಂಗೊಬ್ನಿಗೇ ಯಾಕೆ ವಿಷ? ನನ್ನ ಮೈ ಅಷ್ಟು ಹೇಡಿನಾ?" ಎಂದು ಹೊನ್ನಪ್ಪ ತನ್ನ ಗರಡಿಯ ಗುರುವನ್ನು ಕೇಳಿದ.

ಅವನನ್ನು ಚಿತ್ ಮಾಡಿದ ಪೈಲ್ವಾನ ಆ ಸೀಮೆಯಲ್ಲೇ ಇರಲಿಲ್ಲ. ಆದರೆ ಹಿಂದಿನ ವಾರ ಒಂದು ಗುಟುಕು ಬಾದಾಮಿ ಹಾಲಿಗೆ ತುಟಿ ಊದಿ, ಗಂಟಲು ಕಟ್ಟಿ, ಉಸಿರಿಗಾಗಿ ಒದ್ದಾಡಿದ್ದ. ಜೊತೆಯವರು ನಕ್ಕಿದ್ದರು. ಪಂದ್ಯಕ್ಕೆ ಮೊದಲು ಎಲ್ಲರೂ ಒಂದೇ ಚೊಂಬಿನಿಂದ ಆ ಹಾಲು ಕುಡಿಯುವುದು ಆ ಗರಡಿಯ ಪದ್ಧತಿ. ಇವತ್ತು ಪಂದ್ಯ. ಸತ್ತರೂ ಸರಿ, ಎಲ್ಲರೆದುರು ಕುಡಿದೇ ತೀರುತ್ತೇನೆಂದು ಅವನು ಚೊಂಬು ಹಿಡಿದು ನಿಂತಿದ್ದ.

"ಮೊದ್ಲು ಒಂದು ಕತೆ ಕೇಳು. ಆಮೇಲೆ ನಿನ್ನಿಷ್ಟ" ಎಂದು ಉಸ್ತಾದರು ಹೇಳತೊಡಗಿದರು.

ಒಂದು ಕೋಟೆ. ಅದಕ್ಕೆ ಒಂದೇ ಬಾಗಿಲು, ಬಾಗಿಲಿಗೆ ಒಬ್ಬ ಕಾವಲುಗಾರ. ಒಮ್ಮೆ ಕಂಡ ಮುಖವನ್ನು ಅವನು ಮರೆತವನಲ್ಲ. ಎಷ್ಟೋ ದಂಡುಗಳು ಅವನ ಕೊಂಬಿನ ಸದ್ದಿಗೇ ಹಿಂದಿರುಗಿದ್ದವು. ಅಂಥವನನ್ನು ಪಡೆದ ಊರು ಎದೆಯುಬ್ಬಿಸಿ ಓಡಾಡುತ್ತಿತ್ತು.

ಒಂದು ದಿನ ಬಾದಾಮಿ ವ್ಯಾಪಾರಿಯೊಬ್ಬ ದಾರಿ ತಪ್ಪಿ ಗೋಡೆಯ ಬಿರುಕಿನಿಂದ ಒಳಗೆ ನುಸುಳಿದ. ಗೋಡೆ ದಾಟಿ ಬಂದವನು ಕಳ್ಳನೇ ಸರಿ ಎಂದು ಕಾವಲುಗಾರ ಅವನನ್ನು ಆಚೆಗೆ ದಬ್ಬಿದ. ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡ.

ಕೆಲವು ಕಾಲದ ಮೇಲೆ ಅದೇ ವ್ಯಾಪಾರಿ ಬಾಗಿಲಿಗೇ ಬಂದು ಕೈಮುಗಿದ. ಕಾವಲುಗಾರ ಕೊಂಬು ಊದಿಬಿಟ್ಟ. ಕೊಂಬು ಕೇಳಿದರೆ ಹಿಂದುಮುಂದು ನೋಡದೆ ಬಾಗಿಲಿಗೆ ಮಣ್ಣಿನ ಮೂಟೆ ಒಟ್ಟಬೇಕು, ಮೆಣಸಿನಕಾಯಿ ಹೊಗೆ ಹಾಕಬೇಕು, ಕೆರೆಯ ತೂಬು ಎತ್ತಿ ಬೀದಿಗೆ ನೀರು ಬಿಡಬೇಕು. ಅದು ಆ ಊರಿನ ಕಟ್ಟಳೆ. ಎಲ್ಲವೂ ಚಾಚೂ ತಪ್ಪದೆ ನಡೆಯಿತು. ವ್ಯಾಪಾರಿ ಹೊರಗೆ ಮರದಡಿ ಕುಳಿತು ತನ್ನ ಬಾದಾಮಿಯನ್ನು ತಾನೇ ಮೆಲ್ಲುತ್ತಿದ್ದ. ಹೊಗೆಗೆ ಆಚೆ ಹೋಗಲು ದಾರಿಯಿರಲಿಲ್ಲ, ಅದು ಊರನ್ನೇ ತುಂಬಿತು. ತೊಟ್ಟಿಲ ಕೂಸುಗಳು ಉಸಿರು ಕಟ್ಟಿ ನೀಲಿಯಾದವು. ಕೊನೆಗೆ ಹೆಂಗಸರು ನುಗ್ಗಿ ಮೂಟೆಗಳನ್ನು ಕಿತ್ತೆಸೆದರು. ಊರು ಉಳಿಯಿತು.

ಗೌಡ ಕೆಮ್ಮುತ್ತ ಓಡಿ ಬಂದು, "ಏನಯ್ಯಾ ಇದು, ಊರನ್ನೇ ಸಾಯಿಸ್ತಿದ್ದೆಯಲ್ಲಾ!" ಎಂದ.

ಕಾವಲುಗಾರ ಸುರಿಯುವ ಕಣ್ಣು ಒರೆಸಿಕೊಂಡು ಮೀಸೆ ತಿರುವಿದ. "ಬುದ್ಧೀ, ಒಂದು ಬಾದಾಮಿನೂ ಒಳಕ್ಕೆ ಬಂದಿಲ್ಲ ನೋಡಿ!"

ಹೊನ್ನಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತನ್ನ ಗಂಟಲು ಸವರಿಕೊಂಡ; ಆ ಕಾವಲುಗಾರನ ಬಗ್ಗೆ ಅವನಿಗೆ ಎಲ್ಲಿಲ್ಲದ ಹೆಮ್ಮೆ ಹುಟ್ಟಿತು. "ಅವನನ್ನ ಕೆಲಸದಿಂದ ಕಿತ್ತಾಕಿದ್ರಾ ಉಸ್ತಾದ್ರೇ?" ಎಂದು ಕೇಳುವಾಗ ಅವನ ದನಿಯಲ್ಲಿ ಅಳುಕಿತ್ತು.

ಉಸ್ತಾದರು ಚೊಂಬನ್ನು ಅವನ ಕೈಯಿಂದ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟರು: "ಅಂಥ ಬಂಟನ್ನ ಯಾರಾದ್ರೂ ಬಿಟ್ಕೊಡ್ತಾರಾ? ವ್ಯಾಪಾರಿಗೇ ಬೇರೆ ಊರಿನ ದಾರಿ ತೋರಿಸಿದ್ರು."